ಆಕ್ಷನ್ ಕ್ಯಾಮೆರಾದಲ್ಲಿ ಬಿದ್ರಿಯ ಬೆಳ್ಳಿ ಎಳೆ: ಕ್ಲೋಸಪ್ ಫಿಲ್ಟರಿನ ಲೆಕ್ಕ

ಬೀದರಿನ ಬಿದ್ರಿ ಕೆಲಸವನ್ನೋ ಚನ್ನಪಟ್ಟಣದ ಬೊಂಬೆ ತಯಾರಿಕೆಯನ್ನೋ ಆಕ್ಷನ್ ಕ್ಯಾಮೆರಾದಲ್ಲಿ ತೆಗೆದುಕೊಂಡು ಬಂದ ಹೊಸಬರ ಫೂಟೇಜ್ ನೋಡುವಾಗ ಒಂದು ದೋಷ ಪದೇ ಪದೇ ಎದುರಾಗುತ್ತದೆ. ಕುಶಲಕರ್ಮಿಯ ಬೆನ್ನ ಹಿಂದಿನ ಗೋಡೆ ಸ್ಪಷ್ಟ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ತಾರೀಖೂ ಸ್ಪಷ್ಟ, ಉಳಿಯ ಮೊನೆ ಮಾತ್ರ ಮಸುಕು. ಕೆಲಸ ನಡೆಯುವುದು ಆ ಮೊನೆಯಲ್ಲಿ. ನೋಡುಗರು ಕಾಯುವುದೂ ಅದನ್ನು ಕಾಣಲಿಕ್ಕೇ.

ಗೋಪ್ರೋ ಬಗೆಯ ಕ್ಯಾಮೆರಾಗಳಲ್ಲಿ ಫೋಕಸ್ ಬದಲಿಸಲು ಬರುವುದಿಲ್ಲ. ಲೆನ್ಸನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಹೊಂದಿಸಿ ಭದ್ರಪಡಿಸಿರುತ್ತಾರೆ. ಫೋಕಲ್ ಲೆಂತ್ 3 ಮಿ.ಮೀ. ಆಸುಪಾಸು, ಸೆನ್ಸರ್ ಬಲು ಚಿಕ್ಕದು. ಹಾಗಾಗಿ ಸುಮಾರು 30 ಸೆಂ.ಮೀ. ದೂರದಿಂದ ಹಿಡಿದು ಬಾನಂಚಿನವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. ಬೆಟ್ಟ ಹತ್ತುವವರಿಗೆ, ಬೈಕ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಕೈಕಸುಬು ತೆಗೆಯುವ ನಮ್ಮಂಥವರಿಗೆ ಬೇಕಾದದ್ದೆಲ್ಲ ಇರುವುದು ಆ 30 ಸೆಂ.ಮೀ. ಒಳಗೆ.

ನಲವತ್ತು ದಾಟಿದವರ ಕಣ್ಣಿಗೂ ಆಗುವುದು ಇದೇ. ದೂರದ ಬಸ್ಸಿನ ಬೋರ್ಡು ಓದಬಹುದು, ಕೈಯಲ್ಲಿರುವ ಪೇಪರ್ ಓದಲು ಚಾಳೀಸು ಬೇಕು. ಕ್ಲೋಸಪ್ ಫಿಲ್ಟರ್ ಕ್ಯಾಮೆರಾಕ್ಕೆ ಹಾಕುವ ಚಾಳೀಸು. ಎರಡರ ನಂಬರನ್ನೂ ಅಳೆಯುವುದು ಡಯಾಪ್ಟರಿನಲ್ಲೇ. +2 ಚಾಳೀಸಿನ ಗಾಜಿಗೂ +2 ಕ್ಲೋಸಪ್ ಫಿಲ್ಟರಿಗೂ ಶಕ್ತಿ ಒಂದೇ.

ಆದರೆ ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಭೂತಗನ್ನಡಿ ಎಂದುಕೊಂಡೇ ಕೊಳ್ಳುತ್ತಾರೆ. ಹಾಕಿದ ಕೂಡಲೇ ವಸ್ತು ದೊಡ್ಡದಾಗಿ ಕಾಣಬೇಕು ಎಂದು ನಿರೀಕ್ಷಿಸಿ, ಕಾಣದಿದ್ದಾಗ ಇನ್ನೂ ಹೆಚ್ಚಿನ ನಂಬರಿನದು ತರಿಸುತ್ತಾರೆ. ಫಿಲ್ಟರ್ ಮಾಡುವ ಕೆಲಸ ಬೇರೆ. ಎಷ್ಟು ದೂರದಿಂದ ಎಷ್ಟು ದೂರದವರೆಗೆ ಚಿತ್ರ ಚೂಪಾಗಿರುತ್ತದೋ ಆ ಪಟ್ಟಿಯನ್ನು ಅದು ಕ್ಯಾಮೆರಾದ ಹತ್ತಿರಕ್ಕೆ ಎಳೆದು ತರುತ್ತದೆ. ಕ್ಯಾಮೆರಾ ಹತ್ತಿರ ಹೋಗಲು ಸಾಧ್ಯವಾಗುವುದರಿಂದ ವಸ್ತು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಹಾಗೆ ಎಳೆದು ತರುವಾಗ ಪಟ್ಟಿ ವಿಪರೀತ ಕಿರಿದಾಗುತ್ತದೆ. ಫಿಲ್ಟರ್ ಹಾಕಿಯೂ ಚಿತ್ರ ಮಸುಕು ಎಂದು ಬರುವ ದೂರುಗಳಲ್ಲಿ ಬಹುಪಾಲು ಈ ಪಟ್ಟಿಯ ಹೊರಗೆ ಕೆಲಸ ನಡೆದದ್ದರ ಫಲ.

ಪಟ್ಟಿ ಎಲ್ಲಿದೆ ಎಂದು ತಿಳಿಯಲು ಬಾಯಿಲೆಕ್ಕ ಸಾಕು. ಡಯಾಪ್ಟರಿನಿಂದ 100ನ್ನು ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಕ್ಯಾಮೆರಾದ ಸ್ವಂತ ಪಟ್ಟಿ 30 ಸೆಂ.ಮೀ.ನಿಂದ ಅನಂತದವರೆಗೆ, ಅಂದರೆ ಡಯಾಪ್ಟರಿನಲ್ಲಿ 3.3ರಿಂದ ಸೊನ್ನೆಯವರೆಗೆ. ಫಿಲ್ಟರಿನ ನಂಬರನ್ನು ಎರಡೂ ತುದಿಗೆ ಕೂಡಿಸಿ. +4 ಹಾಕಿದರೆ 7.3 ಮತ್ತು 4. ಪಟ್ಟಿ ಸುಮಾರು 14ರಿಂದ 25 ಸೆಂ.ಮೀ. +10 ಹಾಕಿದರೆ 13.3 ಮತ್ತು 10; ಪಟ್ಟಿ 7.5ರಿಂದ 10 ಸೆಂ.ಮೀ., ಒಟ್ಟು ಆಳ ಎರಡೂವರೆ ಸೆಂಟಿಮೀಟರ್. +2ರದ್ದು 19ರಿಂದ 50 ಸೆಂ.ಮೀ. +4 ಮತ್ತು +10ರ ನಡುವೆ ಯಾವುದಕ್ಕೂ ಸಿಗದ ಒಂದು ಖಾಲಿ ಜಾಗ ಉಳಿಯುತ್ತದೆ. +4ರ ಮೇಲೆ +2 ಕೂರಿಸಿದರೆ +6 ಆಗಿ, ಸುಮಾರು 11ರಿಂದ 17 ಸೆಂ.ಮೀ. ಪಟ್ಟಿ ಸಿಕ್ಕು ಆ ಜಾಗ ಬಹುಮಟ್ಟಿಗೆ ತುಂಬುತ್ತದೆ. ಎರಡನ್ನು ಜೋಡಿಸುವಾಗ ಹೆಚ್ಚು ಶಕ್ತಿಯದ್ದು ಕ್ಯಾಮೆರಾದ ಕಡೆಗೆ ಇರಲಿ.

ಲೆಕ್ಕ ದಾರಿ ತೋರಿಸುತ್ತದೆ; ನಿಮ್ಮ ಕ್ಯಾಮೆರಾದ ಖಚಿತ ಪಟ್ಟಿಯನ್ನು ನೀವೇ ಅಳೆದುಕೊಳ್ಳಬೇಕು. ಒಂದು ಸ್ಟೀಲ್ ಸ್ಕೇಲನ್ನು ಲೆನ್ಸಿನ ಅಡಿಯಿಂದ ಓರೆಯಾಗಿ ಮುಂದಕ್ಕೆ ಮಲಗಿಸಿ, 4ಕೆಯಲ್ಲಿ ಕೆಲವು ಸೆಕೆಂಡ್ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ಸ್ಕೇಲಿನ ಯಾವ ಗೀರಿನಿಂದ ಯಾವ ಗೀರಿನವರೆಗೆ ಬೇರೆಬೇರೆಯಾಗಿ ಕಾಣುತ್ತವೆ ಎಂದು ಬರೆದಿಟ್ಟುಕೊಳ್ಳಿ. ಕ್ಯಾಮೆರಾದ ಪುಟ್ಟ ಪರದೆಯನ್ನೋ ಮೊಬೈಲಿನ ಪ್ರಿವ್ಯೂವನ್ನೋ ನಂಬಬೇಡಿ, ಅವೆರಡರಲ್ಲೂ ಮಸುಕಾದದ್ದೂ ಚೂಪಾಗಿಯೇ ಕಾಣುತ್ತದೆ. ಆಮೇಲೆ ಪಟ್ಟಿಯ ನಡುಮಧ್ಯದ ದೂರಕ್ಕೆ ಒಂದು ಬಿದಿರು ಕಡ್ಡಿ ಕತ್ತರಿಸಿ, ಮೇಲೆ ಫಿಲ್ಟರಿನ ನಂಬರ್ ಬರೆದಿಡಿ. ಸ್ಥಳದಲ್ಲಿ ಲೆನ್ಸಿನ ಮುಂದೆ ಕಡ್ಡಿ ಹಿಡಿದು ಕ್ಯಾಮೆರಾ ಕೂರಿಸಿದರೆ ಫೋಕಸ್ ಮುಗಿಯಿತು. ನನ್ನ ಬ್ಯಾಗಿನಲ್ಲಿ ಪ್ರತಿ ಫಿಲ್ಟರಿನ ಡಬ್ಬಿಗೂ ಅದರ ಕಡ್ಡಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿರುತ್ತೇನೆ.

ಈಗ ಬಿದ್ರಿಗೆ ಬರೋಣ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಆ ಕಪ್ಪಿನ ಮೇಲೆ ಚಿತ್ತಾರ ಬರೆದು, ಉಳಿಯಿಂದ ಕೊರೆಯುತ್ತಾರೆ. ಕೊರೆದ ಕಾಲುವೆಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಕೊರೆಯುವ ಹೊತ್ತಿಗೆ ಪಾತ್ರೆಯನ್ನು ಮೇಣದಿಂದ ಭದ್ರವಾಗಿ ಕೂರಿಸಿದ್ದರೆ ಆಕ್ಷನ್ ಕ್ಯಾಮೆರಾಕ್ಕೆ ಅದಕ್ಕಿಂತ ಅನುಕೂಲದ ಸಂದರ್ಭ ಇನ್ನೊಂದಿಲ್ಲ: ವಸ್ತು ಅಲುಗದು, ದೂರ ಬದಲಾಗದು, +10ರ ಎರಡೂವರೆ ಸೆಂಟಿಮೀಟರಿನ ಪಟ್ಟಿಯೊಳಗೆ ಕೆಲಸ ತಾನಾಗಿ ಉಳಿಯುತ್ತದೆ. ಪಾತ್ರೆಯನ್ನು ಕೈಯಲ್ಲೇ ತಿರುಗಿಸುತ್ತ ಕೊರೆಯುವಾಗ +10 ಬೇಡ. +4 ಹಾಕಿ ಹಿಂದೆ ಸರಿಯಿರಿ.

ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬುದನ್ನು ಉಸ್ತಾದರ ಕಡೆಯಿಂದಲೂ ಯೋಚಿಸಬೇಕು. ಎಂಟು ಸೆಂಟಿಮೀಟರಿನಲ್ಲಿ ಕೂತ ಕ್ಯಾಮೆರಾ ಅವರ ನೋಟಕ್ಕೂ ಸುತ್ತಿಗೆಯ ಬೀಸಿಗೂ ಅಡ್ಡ, ಅದರ ನೆರಳು ನೇರ ಚಿತ್ತಾರದ ಮೇಲೆ. "ಉಸ್ತಾದರೇ, ಸ್ವಲ್ಪ ಆಚೆ ಕೂತು ಕೊರೆಯಿರಿ" ಎಂದು ಕೇಳಿದ ಕ್ಷಣ ನಿಮಗೆ ಸಿಗುವುದು ಅವರ ಕೆಲಸವಲ್ಲ, ನಿಮಗಾಗಿ ಮಾಡಿದ ನಟನೆ. ಮೊದಲು ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ನೋಡಿ. ಅವರ ತಲೆ ಯಾವ ಕಡೆ ವಾಲುತ್ತದೆ, ಸುತ್ತಿಗೆ ಎಷ್ಟೆತ್ತರ ಏಳುತ್ತದೆ, ಕಿಟಕಿಯ ಬೆಳಕು ಯಾವ ಭುಜದ ಮೇಲಿಂದ ಬರುತ್ತದೆ ಎಂದು ತಿಳಿದ ಮೇಲೆ ಸುತ್ತಿಗೆಯ ಎದುರು ಬದಿಯಿಂದ, ತಗ್ಗಿನಲ್ಲಿ ಕ್ಯಾಮೆರಾ ತನ್ನಿ. ಹಾಗೆ ಇಟ್ಟರೆ ಉಳಿ ಕ್ಯಾಮೆರಾದ ಕಡೆಗೇ ಬರುತ್ತದೆ. ಕೊರೆಯುವಾಗ ಸಿಡಿಯುವ ಲೋಹದ ಚೂರು ಫಿಲ್ಟರಿಗೆ ಬಡಿಯುತ್ತದೆ. ಫಿಲ್ಟರ್ ಗೀರಿದರೆ ಹೊಸದು ತರಬಹುದು, ಲೆನ್ಸ್ ಉಳಿಯಿತಲ್ಲ.

ಎಷ್ಟು ದೊಡ್ಡದಾಗಿ ಕಾಣುತ್ತದೆ? ಲೀನಿಯರ್ ನೋಟದಲ್ಲಿ (ಅಂಚಿನ ಬಾಗು ತೆಗೆದು ಗೆರೆಗಳನ್ನು ನೇರವಾಗಿ ತೋರಿಸುವ ಸೆಟ್ಟಿಂಗ್) ಚೌಕಟ್ಟಿನ ಅಗಲ ದೂರದ ಸುಮಾರು ಎರಡರಷ್ಟು. ಎಂಟು ಸೆಂ.ಮೀ.ನಲ್ಲಿ 15 ಸೆಂ.ಮೀ. ಅಗಲ ಬರುತ್ತದೆ, 4ಕೆಯ 3840 ಪಿಕ್ಸೆಲ್ ಅದರ ಮೇಲೆ ಹರಡಿದರೆ ಒಂದು ಮಿಲಿಮೀಟರಿಗೆ 25 ಪಿಕ್ಸೆಲ್. ಫಿಲ್ಟರ್ ಇಲ್ಲದೆ 30 ಸೆಂ.ಮೀ.ನಲ್ಲಿ ಅದೇ ಮಿಲಿಮೀಟರಿಗೆ ಏಳು ಪಿಕ್ಸೆಲ್ ಕೂಡ ಸಿಗದು. ಕೊನೆಯ ಚಿತ್ರ 1080ರಲ್ಲಿ ಹೋಗುವುದಾದರೆ ಎಡಿಟಿಂಗಿನಲ್ಲಿ ಇನ್ನೂ ಎರಡರಷ್ಟು ಕ್ರಾಪ್ ಮಾಡಬಹುದು. ಬೆಳ್ಳಿಯ ಎಳೆ ಕಾಲುವೆಯೊಳಗೆ ಇಳಿಯುವುದನ್ನು ತೋರಿಸಲು ಇಷ್ಟು ಸಾಕು. ಇರುವೆಯ ಕಣ್ಣು ತೋರಿಸಬೇಕೆಂದರೆ ದೊಡ್ಡ ಕ್ಯಾಮೆರಾ, ನಿಜವಾದ ಮ್ಯಾಕ್ರೋ ಲೆನ್ಸ್ ಬೇಕು, ಇಲ್ಲಿ ಪರದಾಡಬೇಡಿ. ವೈಡ್ ನೋಟ ಕ್ಲೋಸಪ್ಪಿಗೆ ಬೇಡವೇ ಬೇಡ. ಅಗ್ಗದ ಒಂಟಿ ಗಾಜಿನ ಫಿಲ್ಟರ್ ಅಂಚುಗಳಲ್ಲಿ ನೇರಳೆ, ಹಸಿರು ಬಣ್ಣದ ಗೆರೆ ಬಿಡುತ್ತದೆ, ವೈಡ್‌ನಲ್ಲಿ ಅದೆಲ್ಲ ಎದ್ದು ಕಾಣುತ್ತದೆ. ಎರಡು ಗಾಜು ಸೇರಿಸಿ ಮಾಡಿದ ಆಕ್ರೊಮ್ಯಾಟಿಕ್ ಬಗೆಯದು ದುಬಾರಿ, ಆದರೆ +10ರ ಮಟ್ಟಿಗೆ ಆ ಹಣ ಸಾರ್ಥಕ.

ಇಷ್ಟು ಹತ್ತಿರದಲ್ಲಿ, ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಆಫ್ ಮಾಡಿ. ಅದು ಗೈರೋ (ತಿರುವು ಅಳೆಯುವ ಸಾಧನ) ನೋಡಿಕೊಂಡು ಕ್ಯಾಮೆರಾದ ತಿರುವನ್ನು ಸರಿಪಡಿಸುತ್ತದೆ. ಎಂಟು ಸೆಂ.ಮೀ. ದೂರದಲ್ಲಿ ಚಿತ್ರ ಕೆಡಿಸುವುದು ತಿರುವಿಗಿಂತ ಹೆಚ್ಚಾಗಿ ಒಂದೆರಡು ಮಿಲಿಮೀಟರಿನ ಸರಿದಾಟ. ಗೈರೋಗೆ ಅದು ತಿಳಿಯುವುದೇ ಇಲ್ಲ. ಕ್ಲಾಂಪ್ ಹಾಕಿ ಗಟ್ಟಿಯಾಗಿ ಕಟ್ಟುವುದೊಂದೇ ದಾರಿ.

ಹೊಳಪಿನ ಪ್ರಶ್ನೆ ಬಂದಾಗ ಎಲ್ಲರೂ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹುಡುಕುತ್ತಾರೆ. ಚನ್ನಪಟ್ಟಣದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ, ತಾಳೆ ಗರಿಯಿಂದ ತಿಕ್ಕಿದಾಗ ಮಿರುಗುತ್ತದೆ. ಆ ಮಿರುಗಿನಲ್ಲಿ ಬಾಗಿಲ ಬೆಳಕು ಬಿಳಿ ಪಟ್ಟೆಯಾಗಿ ಬಿದ್ದು ಬಣ್ಣವನ್ನು ತಿನ್ನುತ್ತದೆ. ಪೋಲರೈಸರ್ ತಿರುಗಿಸಿದರೆ ಪಟ್ಟೆ ಇಳಿದು ಕೆಂಪು ಕೆಂಪಾಗಿಯೇ ಬರುತ್ತದೆ. ಬೀದರಿನಲ್ಲಿ ಅದೇ ಫಿಲ್ಟರ್ ಎಷ್ಟು ತಿರುಗಿಸಿದರೂ ಬೆಳ್ಳಿಯ ಹೊಳಪು ಕದಲುವುದಿಲ್ಲ. ಅರಗು, ನೀರು, ಎಲೆಯ ಮೇಲಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನ ಕಂಪನಕ್ಕೆ ಒಲಿದಿರುತ್ತದೆ, ಅದನ್ನು ತಡೆಯಬಹುದು. ಬರಿಯ ಲೋಹದ ಪ್ರತಿಫಲನ ಹಾಗಲ್ಲ. ದೀಪಕ್ಕೂ ಒಂದು ಪೋಲರೈಸರ್ ಹಾಳೆ ಕಟ್ಟಿ ಲೆನ್ಸಿನದನ್ನು ಅಡ್ಡ ತಿರುಗಿಸಿದರೆ ಲೋಹದ ಹೊಳಪೂ ಹೋಗುತ್ತದೆ, ಆದರೆ ಹೊಳಪು ಹೋದ ಬೆಳ್ಳಿ ಬೆಳ್ಳಿಯಂತೆ ಕಾಣುವುದಿಲ್ಲ. ಬಿದ್ರಿಗೆ ಬೇಕಾದದ್ದು ಫಿಲ್ಟರಿಗಿಂತ ಬಿಳಿ ಪಂಚೆ. ಕಿಟಕಿಗೆ ಅಡ್ಡ ಬಿಳಿ ಪಂಚೆ ಕಟ್ಟಿ, ಬೆಳ್ಳಿಯಲ್ಲಿ ಪ್ರತಿಫಲಿಸುವುದು ಆ ಬಿಳಿಯೇ ಆಗುವಂತೆ ಕ್ಯಾಮೆರಾದ ಕೋನ ಹೊಂದಿಸಿ. ಎಳೆಗಳು ಮೆತ್ತಗೆ ಬೆಳಗುತ್ತವೆ, ಸುತ್ತಲಿನ ಕಪ್ಪು ಕಪ್ಪಾಗಿಯೇ ಇರುತ್ತದೆ. ಎಕ್ಸ್‌ಪೋಶರನ್ನು ಅರ್ಧ ಸ್ಟಾಪ್ ಇಳಿಸಿ, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಆಟೋ ಬಿಟ್ಟರೆ ಕುಶಲಕರ್ಮಿಯ ಕೈ ಚೌಕಟ್ಟಿಗೆ ಬಂದು ಹೋದಾಗಲೆಲ್ಲ ಬಣ್ಣ ಬದಲಾಗುತ್ತದೆ.

ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರಿನ ಅಗತ್ಯ ಲೇತಿಗೆ. ಇಂಥ ಹೆಚ್ಚಿನ ಕ್ಯಾಮೆರಾಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಾಗುವುದಿಲ್ಲವಾದ್ದರಿಂದ ಬೆಳಕು ಹೆಚ್ಚಿದ್ದರೆ ಶಟರ್ ವೇಗ ಏರುತ್ತದೆ. 1/400 ಸೆಕೆಂಡಿನಲ್ಲಿ ತೆಗೆದ ತಿರುಗುವ ಬೊಂಬೆ ಕಡಿಕಡಿದು ನಿಂತಂತೆ ಕಾಣುತ್ತದೆ. ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸುವ ಎನ್‌ಡಿ8 ಹಾಕಿದರೆ ಅದೇ ಬೆಳಕಿನಲ್ಲಿ 1/50ಕ್ಕೆ ಇಳಿದು ತಿರುಗಾಟ ಸಹಜವಾಗುತ್ತದೆ. ಕ್ಲೋಸಪ್ ಫಿಲ್ಟರ್ ಒಳಗೆ, ಎನ್‌ಡಿ ಹೊರಗೆ. ಟ್ಯೂಬ್‌ಲೈಟ್, ಎಲ್‌ಇಡಿ ಇರುವ ಕಡೆ ಕ್ಯಾಮೆರಾವನ್ನು 50 ಹರ್ಟ್ಜ್‌ಗೆ ಇಟ್ಟು 1/50 ಅಥವಾ 1/100ರಲ್ಲೇ ತೆಗೆಯಿರಿ, ಇಲ್ಲದಿದ್ದರೆ ಪಟ್ಟೆಗಳು ಓಡುತ್ತವೆ. ಕ್ಯಾಮೆರಾವನ್ನು ಲೇತಿನ ಮೈಗೇ ಕಟ್ಟಬೇಡಿ, ಅದರ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ. ಬೇರೆ ಸ್ಟ್ಯಾಂಡ್ ಇರಲಿ.

ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳ ತೆಗೆಯುವ ಗೆಳೆಯರು ಕೆಂಪು ಫಿಲ್ಟರಿನ ಬಗ್ಗೆ ಕೇಳುತ್ತಿರುತ್ತಾರೆ. ನೀರು ಕೆಂಪು ಬೆಳಕನ್ನು ಮೊದಲು ಹೀರುವುದರಿಂದ, ಬಿಸಿಲ ಬೆಳಕಿನಲ್ಲೇ ತೆಗೆಯುವಾಗ ಅದಕ್ಕೆ ಅರ್ಥವಿದೆ. ಒಂದು ಗೇಣು ದೂರದಿಂದ ಟಾರ್ಚ್ ಹಾಕಿ ತೆಗೆಯುವಾಗ ಅದನ್ನು ತೆಗೆದಿಡಿ, ಇಲ್ಲದಿದ್ದರೆ ಎಲ್ಲವೂ ಕುಂಕುಮ ಬಣ್ಣ. ಕ್ಲೋಸಪ್ ಫಿಲ್ಟರ್ ನೀರು ನುಗ್ಗದ ಕೇಸಿನ ಒಳಗೆ ಒಣಗಿ ಕೂತಿದ್ದರೆ ಪಟ್ಟಿ ಮೂರನೇ ಒಂದರಷ್ಟು ದೂರ ಸರಿಯುತ್ತದೆ: +10ರಲ್ಲಿ 7.5ರಿಂದ 10 ಇದ್ದದ್ದು 10ರಿಂದ 13 ಸೆಂ.ಮೀ. ಸಾಮಾನ್ಯ ಫಿಲ್ಟರನ್ನು ಕೇಸಿನ ಹೊರಗೆ ಹಾಕಿ ಎರಡೂ ಬದಿಗೆ ನೀರು ತಾಗಿದರೆ ಅದರ ಶಕ್ತಿ ಮೂರನೇ ಒಂದು ಪಾಲಿಗೆ ಇಳಿದುಬಿಡುತ್ತದೆ.

ಜೋಡಿಸುವ ಬಗೆ ಕ್ಯಾಮೆರಾದ ಮಾದರಿಯ ಮೇಲಿದೆ. ಲೆನ್ಸಿನ ಮುಂದಿನ ಗಾಜಿನ ಮುಚ್ಚಳ ಕಳಚಲು ಬರುವ ಮಾದರಿಗಳಲ್ಲಿ ಆ ಜಾಗಕ್ಕೆ ಥ್ರೆಡ್ ಇರುವ ಅಡಾಪ್ಟರ್ ಕೂರುತ್ತದೆ. ಫಿಲ್ಟರ್ ಲೆನ್ಸಿಗೆ ಹತ್ತಿರವಿದ್ದಷ್ಟೂ ಮೂಲೆಗಳು ಕಪ್ಪಾಗುವುದು ಕಡಿಮೆ. ಮುಚ್ಚಳ ತೆಗೆದ ಮೇಲೆ ಕ್ಯಾಮೆರಾಕ್ಕೆ ನೀರಿನ ರಕ್ಷಣೆ ಇಲ್ಲ ಎಂಬುದು ನೆನಪಿರಲಿ. ಗೋಪ್ರೋ ಹೀರೋ8ರಲ್ಲಿ ಮುಚ್ಚಳ ಕಳಚಲು ಬರುವುದಿಲ್ಲ, ಅದಕ್ಕೆ ಹೊರಗಿನಿಂದ ಸಿಕ್ಕಿಸುವ ಚೌಕಟ್ಟೇ ಗತಿ. 2024ರಲ್ಲಿ ಬಂದ ಹೀರೋ13ಕ್ಕೆ ಕಂಪನಿಯೇ ಫೋಕಸ್ ರಿಂಗ್ ಇರುವ ಮ್ಯಾಕ್ರೋ ಲೆನ್ಸ್ ಮಾಡಿದೆ. ಅದು 11 ಸೆಂ.ಮೀ. ವರೆಗೆ ಹತ್ತಿರ ಹೋಗುತ್ತದೆ, ಹಳೆಯ ಮಾದರಿಗಳಿಗೆ ಹೊಂದುವುದಿಲ್ಲ. ಕ್ಯಾಮೆರಾ ಬಿಚ್ಚಿ ಒಳಗಿನ ಲೆನ್ಸನ್ನೇ ತಿರುಗಿಸಿ ಫೋಕಸ್ ಹತ್ತಿರ ತರುವವರೂ ಇದ್ದಾರೆ. ಇರುವ ಒಂದೇ ಕ್ಯಾಮೆರಾಕ್ಕೆ ಹಾಗೆ ಮಾಡಿಕೊಳ್ಳಬೇಡಿ, ಆಮೇಲೆ ದೂರದ ದೃಶ್ಯ ಕೈತಪ್ಪುತ್ತದೆ.

ಅಂಗಡಿಯಲ್ಲಿ +1, +2, +4, +10 ನಾಲ್ಕನ್ನೂ ಒಂದೇ ಚೀಲದಲ್ಲಿ ಮಾರುತ್ತಾರೆ. ಈ ಕ್ಯಾಮೆರಾಗಳಿಗೆ +1ರಿಂದ ಪ್ರಯೋಜನ ತೀರ ಕಡಿಮೆ, 30 ಇದ್ದದ್ದು 23 ಸೆಂ.ಮೀ. ಆಗುತ್ತದೆ ಅಷ್ಟೇ. ಬಿಡಿಯಾಗಿ ಕೊಳ್ಳುವುದಾದರೆ ಮೊದಲು ಒಳ್ಳೆಯ +4, ಆಮೇಲೆ ಜೋಡಿಸಲು +2. ಕೆಲಸ ಕದಲದೆ ಕೂರುವ ಕಡೆಗೆ ಹೋಗುವಿರಾದರೆ ಮಾತ್ರ +10.