ಪುಕ್ಕಟೆ ಕ್ಲೌಡ್ ಸಾಫ್ಟ್‌ವೇರ್ ಬರೆಯೋರಿಗೆ ಸಂಬಳ ಕೊಡೋರು ಯಾರು?

ಓದುಗರ ಪ್ರಶ್ನೆ: ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹಳೇ ಸರ್ವರ್ ಮೂರಿವೆ. ಅವಕ್ಕೆ ಓಪನ್‌ಸ್ಟ್ಯಾಕ್ ಹಾಕಿ ನಮ್ಮದೇ ಕ್ಲೌಡ್ ಮಾಡೋಣ ಸರ್ ಅಂತ ಹುಡುಗರು ಹಿಂದೆ ಬಿದ್ದಿದ್ದಾರೆ. ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು: "ಇಷ್ಟು ದೊಡ್ಡ ಸಾಫ್ಟ್‌ವೇರ್ ಪುಕ್ಕಟೆ ಯಾಕ್ರೀ ಕೊಡ್ತಾರೆ? ನಾಳೆ ದುಡ್ಡು ಕೇಳಿದ್ರೆ? ಇಲ್ಲಾ ನಿಲ್ಲಿಸಿಬಿಟ್ರೆ?" ಏನು ಹೇಳಬೇಕೋ ಹೊಳೆಯಲಿಲ್ಲ.

ಉತ್ತರ: ಪ್ರಿನ್ಸಿಪಾಲರ ಅನುಮಾನ ನ್ಯಾಯವಾದದ್ದೇ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನವರಿಂದ ಹಿಡಿದು ಸಣ್ಣ ನರ್ಸಿಂಗ್ ಹೋಮ್ ನಡೆಸುವವರ ತನಕ, ಸ್ವಂತ ಸರ್ವರ್ ಇಟ್ಟುಕೊಂಡವರೆಲ್ಲ ಇದನ್ನೇ ಕೇಳುತ್ತಾರೆ. ಚಿಕ್ಕ ಉತ್ತರ ಹೀಗೆ: ಇದನ್ನು ಬರೆಯುವವರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವ ಇಂಜಿನಿಯರುಗಳೇ. ಸಂಬಳ ಕೊಡುವುದು ಕಂಪನಿಗಳು, ಅದೂ ಒಂದಕ್ಕೊಂದು ಪೈಪೋಟಿಗೆ ಬಿದ್ದ ಕಂಪನಿಗಳು. ಇದರಲ್ಲಿ ದಾನಧರ್ಮ ಏನೂ ಇಲ್ಲ. ಆದರೆ ಪ್ರಿನ್ಸಿಪಾಲರ ಮುಂದಿನ ಎರಡು ಪ್ರಶ್ನೆ ಇನ್ನೂ ಮುಖ್ಯ. ಅವಕ್ಕೆ ಉತ್ತರ ಬೇಕಾದರೆ ಬೆಲೆ ನೋಡಿ ಪ್ರಯೋಜನವಿಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಬೇಕು.

ಮೊದಲು ಈ ಸಾಫ್ಟ್‌ವೇರ್ ಏನು ಮಾಡುತ್ತದೆ ನೋಡೋಣ. ಅಮೆಜಾನ್ ಕ್ಲೌಡ್‌ನಲ್ಲಿ ನೀವು ಒಂದು ಮೆಷಿನ್ ಬಾಡಿಗೆಗೆ ತಗೊಂಡಿರಿ ಅಂದುಕೊಳ್ಳಿ. ಯಾವ ಸರ್ವರ್‌ನಲ್ಲಿ ಜಾಗ ಇದೆ ಅಂತ ಹುಡುಕಬೇಕು. ಅಲ್ಲೊಂದು ವರ್ಚುವಲ್ ಮೆಷಿನ್, ಅಂದರೆ ಸರ್ವರಿನೊಳಗೇ ಸಾಫ್ಟ್‌ವೇರಿನಿಂದ ಮಾಡಿದ ಕಂಪ್ಯೂಟರ್, ಎಬ್ಬಿಸಬೇಕು. ಅದಕ್ಕೆ ಡಿಸ್ಕ್ ಸೇರಿಸಬೇಕು, ಐಪಿ ವಿಳಾಸ ಕೊಡಬೇಕು, ಯಾರು ಎಷ್ಟು ಬಳಸಿದರು ಅಂತ ಲೆಕ್ಕ ಇಡಬೇಕು. ಇದೆಲ್ಲ ಮನುಷ್ಯರ ಕೈ ಸೋಕದೆ ನಡೆಯಬೇಕು. ಅಮೆಜಾನ್ 2006ರಲ್ಲಿ ಫೈಲ್ ಇಡುವ ಎಸ್3, ಮೆಷಿನ್ ಬಾಡಿಗೆಗೆ ಕೊಡುವ ಇಸಿ2 ಸೇವೆಗಳನ್ನು ಶುರು ಮಾಡಿದಾಗ ಈ ಕೆಲಸದ ಕೋಡ್ ಅವರ ಮನೆಯೊಳಗೇ ಉಳಿಯಿತು. ಅಂಥದ್ದೇ ವ್ಯವಸ್ಥೆ ತಮ್ಮ ಕಟ್ಟಡದಲ್ಲೂ ಬೇಕು ಅಂದವರು ಬೇರೆ ದಾರಿ ನೋಡಬೇಕಾಯಿತು.

ಹಾಗೆ ನೋಡಿದವರಲ್ಲಿ ಒಂದು ಬಾಹ್ಯಾಕಾಶ ಸಂಸ್ಥೆಯೂ ಇತ್ತು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್ ಅಲ್ಲ, ಅಮೆರಿಕದ ನಾಸಾ. ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರದಲ್ಲಿ ಅವರು ನೆಬ್ಯುಲಾ ಅನ್ನುವ ಕ್ಲೌಡ್ ಕಟ್ಟುತ್ತಿದ್ದರು. ಮೊದಮೊದಲು ಯೂಕಲಿಪ್ಟಸ್ ಅನ್ನುವ ಓಪನ್ ಸೋರ್ಸ್ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದ) ಸಾಫ್ಟ್‌ವೇರ್ ಬಳಸಿದರು. ಅದಕ್ಕೆ ಎರಡು ಮುಖ. ಒಂದು ಎಲ್ಲರಿಗೂ ತೆರೆದದ್ದು, ಇನ್ನೊಂದು ದುಡ್ಡು ಕೊಟ್ಟವರಿಗೆ ಮಾತ್ರ. ತಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ಬೆಳೆಸಲು ಹೊರಟರೆ ಮುಚ್ಚಿಟ್ಟ ಭಾಗಕ್ಕೂ ತಮ್ಮ ಬದಲಾವಣೆಗೂ ತಿಕ್ಕಾಟ ಬರುತ್ತಿದೆ ಅನ್ನುವುದು ನಾಸಾದವರ ದೂರಾಗಿತ್ತು. ಕೊನೆಗೆ ಸಹವಾಸವೇ ಬೇಡ ಅಂತ ಹೊಸದಾಗಿ ತಾವೇ ಬರೆದರು. ಅದೇ ನೋವಾ.

ಅದೇ ಹೊತ್ತಿಗೆ ಟೆಕ್ಸಾಸ್‌ನ ರ‍್ಯಾಕ್‌ಸ್ಪೇಸ್ ಅನ್ನುವ ಹೋಸ್ಟಿಂಗ್ ಕಂಪನಿ ಫೈಲ್ ಇಡುವ ತನ್ನ ಸಾಫ್ಟ್‌ವೇರನ್ನು ತೆರೆದಿಡುವ ಯೋಚನೆಯಲ್ಲಿತ್ತು. ಇಬ್ಬರೂ ಕೈ ಜೋಡಿಸಿದರು. 2010ರ ಜುಲೈನಲ್ಲಿ ಓಪನ್‌ಸ್ಟ್ಯಾಕ್ ಘೋಷಣೆಯಾಯಿತು. ಅಕ್ಟೋಬರ್‌ನಲ್ಲಿ ಬಂದ ಮೊದಲ ರಿಲೀಸಿನ ಹೆಸರು ಆಸ್ಟಿನ್. ಅದರಲ್ಲಿ ಇದ್ದದ್ದು ಎರಡೇ ಭಾಗ: ಮೆಷಿನ್ ಎಬ್ಬಿಸಲು ನೋವಾ, ಫೈಲ್ ಇಡಲು ಸ್ವಿಫ್ಟ್. ಲಾಗಿನ್‌ಗೆ ಕೀಸ್ಟೋನ್, ಡಿಸ್ಕ್‌ಗೆ ಸಿಂಡರ್, ನೆಟ್‌ವರ್ಕ್‌ಗೆ ನ್ಯೂಟ್ರಾನ್ ಎಲ್ಲ ಆಮೇಲೆ ಸೇರಿದವು. ನ್ಯೂಟ್ರಾನ್‌ಗೆ ಮೊದಲು ಕ್ವಾಂಟಮ್ ಅಂತ ಹೆಸರಿತ್ತು. ಆ ಹೆಸರಿನ ಟ್ರೇಡ್‌ಮಾರ್ಕ್ ಬೇರೆಯವರದ್ದು ಅಂತ ತಕರಾರು ಬಂದು 2013ರಲ್ಲಿ ಬದಲಾಯಿಸಬೇಕಾಯಿತು. ಇಷ್ಟೆಲ್ಲ ತೆರೆದಿಟ್ಟವರಿಗೂ ಕೋರ್ಟಿನ ಭಯ ತಪ್ಪಲಿಲ್ಲ ನೋಡಿ.

ರ‍್ಯಾಕ್‌ಸ್ಪೇಸ್‌ಗೆ ಏನು ಲಾಭ ಅಂತ ಕೇಳಬಹುದು. ಆಗ ಅಮೆಜಾನ್ ಮುಂದೆ ಒಂಟಿಯಾಗಿ ನಿಲ್ಲುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಎಲ್ಲರಿಗೂ ಬೇಕಾದ, ಯಾರಿಗೂ ಹೆಸರು ತಂದುಕೊಡದ ಕೆಲಸವನ್ನು ಹಂಚಿಕೊಂಡರೆ ಖರ್ಚು ಉಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಕಲೇಶಪುರದ ಕಡೆ ಕಾಫಿ ಕುಯ್ಲು ಬಂತೆಂದರೆ ಅಕ್ಕಪಕ್ಕದ ತೋಟದವರೇ ಆಳುಗಳಿಗಾಗಿ ಪೈಪೋಟಿಗೆ ಬೀಳುತ್ತಾರೆ. ಅವರೇ ಮಳೆಗೆ ಕೊಚ್ಚಿಹೋದ ತೋಟದ ದಾರಿಗೆ ಜಲ್ಲಿ ಹಾಕಿಸುವಾಗ ಸೇರಿ ದುಡ್ಡು ಹಾಕುತ್ತಾರೆ. ದಾರಿ ಮಾರಿ ಯಾರೂ ಸಂಪಾದಿಸುವುದಿಲ್ಲ. ದಾರಿ ಇಲ್ಲದಿದ್ದರೆ ಎಲ್ಲರ ಲಾರಿಯೂ ಹೂತುಕೊಳ್ಳುತ್ತದೆ, ಅಷ್ಟೇ.

ದುಡ್ಡು ಬರುವುದು ದಾರಿಯ ಆಚೆ. ರೆಡ್ ಹ್ಯಾಟ್, ಕೆನೊನಿಕಲ್, ಮಿರಾಂಟಿಸ್‌ನಂಥವರು ಇದೇ ಸಾಫ್ಟ್‌ವೇರ್ ಕೂಡಿಸಿಕೊಟ್ಟು, ಕೆಟ್ಟಾಗ ಸರಿಮಾಡಿಕೊಟ್ಟು ಸಂಪಾದಿಸುತ್ತಾರೆ. ಇನ್ನು ಕೆಲವರು ಮಾರುವವರೇ ಅಲ್ಲ, ಬಳಸುವವರು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯ 2013ರಿಂದ ತನ್ನ ದೊಡ್ಡ ಕಂಪ್ಯೂಟರ್ ವ್ಯವಸ್ಥೆಯನ್ನು ಓಪನ್‌ಸ್ಟ್ಯಾಕ್ ಮೇಲೆ ನಡೆಸುತ್ತಿದೆ. ಅವರು ಕಂಡ ತೊಂದರೆಗಳನ್ನು ಅವರ ಇಂಜಿನಿಯರುಗಳೇ ತಿದ್ದಿ ಮೂಲ ಕೋಡಿಗೆ ಕಳಿಸುತ್ತಾರೆ. ತಿದ್ದುಪಡಿಯನ್ನು ಬಚ್ಚಿಟ್ಟುಕೊಂಡರೆ ಪ್ರತಿ ಹೊಸ ರಿಲೀಸಿಗೂ ಅದನ್ನು ಮತ್ತೆ ಕೂಡಿಸುವ ತಲೆನೋವು ಅವರದ್ದೇ. ಕೊಟ್ಟುಬಿಟ್ಟರೆ ಮುಂದೆ ಎಲ್ಲರೂ ಸೇರಿ ಕಾಯುತ್ತಾರೆ. ಉದಾರತನಕ್ಕಿಂತ ಇಲ್ಲಿ ಲೆಕ್ಕಾಚಾರವೇ ಜಾಸ್ತಿ. ನನಗೆ ಇದು ಇಷ್ಟವಾಗುವುದೂ ಅದಕ್ಕೇ. ಬರೀ ಉದಾರತನ ನಂಬಿಕೊಂಡ ಸಾಫ್ಟ್‌ವೇರಿಗೆ ನನ್ನ ಡೇಟಾ ಒಪ್ಪಿಸಲು ನನಗೆ ಧೈರ್ಯ ಬರುವುದಿಲ್ಲ.

ಎದುರಾಳಿಗಳೆಲ್ಲ ಒಂದೇ ಕೋಡಿಗೆ ಕೈ ಹಾಕಿದರೆ ಜಗಳ ಆಗುವುದಿಲ್ಲವೇ? ಆಗುತ್ತದೆ. ಅದಕ್ಕೇ ಪದ್ಧತಿ ಬಿಗಿ. ಯಾರೇ ಬದಲಾವಣೆ ಕಳಿಸಲಿ, ಅದು ಗೆರಿಟ್ ಅನ್ನುವ ರಿವ್ಯೂ ವ್ಯವಸ್ಥೆಗೆ ಹೋಗಬೇಕು. ಅಲ್ಲಿ ಯಾರು ಬೇಕಾದರೂ ಪ್ಲಸ್ ಒಂದು, ಮೈನಸ್ ಒಂದು ಹಾಕಬಹುದು. ಪ್ಲಸ್ ಎರಡು ಹಾಕುವ ಹಕ್ಕು ಕೋರ್ ರಿವ್ಯೂವರ್‌ಗಳಿಗೆ ಮಾತ್ರ. ಅಂಥ ಇಬ್ಬರು ಒಪ್ಪಬೇಕು ಅನ್ನುವುದು ಸಾಮಾನ್ಯ ನಿಯಮ. ಆಮೇಲೂ ಕೋಡ್ ನೇರವಾಗಿ ಒಳಗೆ ಹೋಗುವುದಿಲ್ಲ. ಜೂಲ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಎಲ್ಲ ಪರೀಕ್ಷೆಗಳನ್ನೂ ಮತ್ತೊಮ್ಮೆ ನಡೆಸುತ್ತದೆ, ಪಾಸಾದರೆ ಮಾತ್ರ ಸೇರಿಸುತ್ತದೆ. ಆ ಹೊತ್ತಲ್ಲಿ ಯಾವ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರೂ ನಡೆಯುವುದಿಲ್ಲ. ಕೋರ್ ರಿವ್ಯೂವರ್ ಆಗುವುದು ಕೆಲಸ ಮಾಡಿ ತೋರಿಸಿದವರು. ಎಲ್ಲಕ್ಕೂ ಮೇಲಿರುವ ಟೆಕ್ನಿಕಲ್ ಕಮಿಟಿಗೆ ಕೋಡ್ ಬರೆದವರೇ ಓಟು ಹಾಕಿ ಆರಿಸುತ್ತಾರೆ. ಹೊಸ ರಿಲೀಸ್ ವರ್ಷಕ್ಕೆರಡು. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಓಡಿ 2022ರಲ್ಲಿ ಝೆಡ್ ಮುಟ್ಟಿದವು. ಈಗ 2023.1 ಅನ್ನುವ ಹಾಗೆ ಇಸವಿಯ ನಂಬರೂ ಜೊತೆಗಿದೆ.

ಈಗ ಪ್ರಿನ್ಸಿಪಾಲರ ಎರಡನೇ ಮಾತು: ನಾಳೆ ದುಡ್ಡು ಕೇಳಿದರೆ? ಓಪನ್‌ಸ್ಟ್ಯಾಕ್ ಬಂದಿರುವುದು ಅಪಾಚೆ 2.0 ಲೈಸೆನ್ಸ್ ಅಡಿಯಲ್ಲಿ. ಒಮ್ಮೆ ಕೊಟ್ಟ ಹಕ್ಕನ್ನು ಸುಮ್ಮನೆ ಹಿಂದಕ್ಕೆ ಪಡೆಯುವಂತಿಲ್ಲ ಅಂತ ಆ ಲೈಸೆನ್ಸೇ ಹೇಳುತ್ತದೆ. ನೀವು ಇವತ್ತು ಇಳಿಸಿಕೊಂಡ ಆವೃತ್ತಿಗೆ ನಾಳೆ ಬಿಲ್ ಬರುವುದಿಲ್ಲ. ಆದರೆ ಮುಂದಿನ ಆವೃತ್ತಿಯ ಕಥೆ ಬೇರೆ ಆಗಬಹುದು. ಟೆರಾಫಾರ್ಮ್ ನೋಡಿ. ಯಾವ ಕ್ಲೌಡ್‌ನಲ್ಲಿ ಏನೇನು ಬೇಕು ಅಂತ ಫೈಲಿನಲ್ಲಿ ಬರೆದುಕೊಟ್ಟರೆ ಕಟ್ಟಿಕೊಡುವ ಸಾಫ್ಟ್‌ವೇರ್ ಅದು. ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ಹೊರತಂದಿತು. ಊರೆಲ್ಲ ಬಳಸಿತು. 2023ರ ಆಗಸ್ಟ್‌ನಲ್ಲಿ ಕಂಪನಿ ಲೈಸೆನ್ಸ್ ಬದಲಿಸಿ, ನಮಗೆ ಪೈಪೋಟಿ ಕೊಡುವ ಸೇವೆಗೆ ಇದನ್ನು ಬಳಸುವಂತಿಲ್ಲ ಅಂದಿತು. ಕೋಡ್ ಕಣ್ಣಿಗೆ ಕಾಣುತ್ತಿತ್ತು, ಆದರೆ ಓಪನ್ ಸೋರ್ಸ್ ಆಗಿ ಉಳಿಯಲಿಲ್ಲ. ಬೀಗದ ಕೈ ಒಂದೇ ಕಂಪನಿಯ ಜೇಬಿನಲ್ಲಿದ್ದದ್ದರಿಂದ ಒಂದೇ ತೀರ್ಮಾನಕ್ಕೆ ಎಲ್ಲ ಬದಲಾಯಿತು.

ಆದರೂ ಹಳೇ ಲೈಸೆನ್ಸಿನ ಕೋಡ್ ಎಲ್ಲರ ಕೈಯಲ್ಲಿತ್ತಲ್ಲ. ಸಿಟ್ಟಾದವರು ಅದನ್ನೇ ಹಿಡಿದು ಬೇರೆ ಕವಲು ತೆಗೆದರು. ಅದೇ ಓಪನ್‌ಟೊಫು. ಸೆಪ್ಟೆಂಬರ್‌ನಲ್ಲೇ ಅದು ಲಿನಕ್ಸ್ ಫೌಂಡೇಶನ್ ಮಡಿಲಿಗೆ ಹೋಯಿತು, 2024ರ ಜನವರಿಯಲ್ಲಿ ಬಳಸಲು ಸಿದ್ಧವಾದ ರಿಲೀಸ್ ಬಂತು. ಲೈಸೆನ್ಸ್ ಅನ್ನುವ ಆ ಸಣ್ಣ ಫೈಲು ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ.

ಓಪನ್‌ಸ್ಟ್ಯಾಕ್‌ನಲ್ಲಿ ಹೀಗಾಗುವುದು ಕಷ್ಟ. 2012ರಲ್ಲೇ ರ‍್ಯಾಕ್‌ಸ್ಪೇಸ್ ಅದನ್ನು ಒಂದು ಫೌಂಡೇಶನ್‌ಗೆ ಬಿಟ್ಟುಕೊಟ್ಟಿತು. ಅದು 2020ರಲ್ಲಿ ಓಪನ್ ಇನ್‌ಫ್ರಾಸ್ಟ್ರಕ್ಚರ್ ಫೌಂಡೇಶನ್ ಆಯಿತು, 2025ರಲ್ಲಿ ಲಿನಕ್ಸ್ ಫೌಂಡೇಶನ್ ಜೊತೆ ಸೇರಿತು. ಒಬ್ಬ ಮಾಲೀಕ ರಾತ್ರೋರಾತ್ರಿ ಮನಸ್ಸು ಬದಲಿಸಲು ಅಲ್ಲಿ ಅಂಥ ಮಾಲೀಕನೇ ಇಲ್ಲ.

ನಿಲ್ಲಿಸಿಬಿಟ್ಟರೆ? ನಿಲ್ಲಿಸಿದವರು ಬೇಕಾದಷ್ಟು ಇದ್ದಾರೆ. ಹುಟ್ಟುಹಾಕಿದ ನಾಸಾ ಎರಡೇ ವರ್ಷಕ್ಕೆ ಬರೆಯುವ ಕೆಲಸದಿಂದ ಹಿಂದೆ ಸರಿಯಿತು. ಎಚ್‌ಪಿ ತನ್ನ ಹೀಲಿಯನ್ ಪಬ್ಲಿಕ್ ಕ್ಲೌಡನ್ನು 2016ರ ಜನವರಿಗೆ ಮುಚ್ಚಿತು. ಸಿಸ್ಕೊ 2017ರಲ್ಲಿ, ಸೂಸೆ 2019ರಲ್ಲಿ ಕೈ ಬಿಟ್ಟವು. ಆಗೆಲ್ಲ ಓಪನ್‌ಸ್ಟ್ಯಾಕ್ ಕಥೆ ಮುಗಿಯಿತು ಅಂದರು. ಆದರೆ ರಿಲೀಸ್ ನಿಲ್ಲಲಿಲ್ಲ. ಮೇಲಾಗಿ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ, ವರ್ಚುವಲ್ ಮೆಷಿನ್ ಸಾಫ್ಟ್‌ವೇರ್ ಮಾರುವ ವಿಎಂವೇರನ್ನು ಕೊಂಡು, ಒಮ್ಮೆ ಕೊಂಡರೆ ಸಾಕು ಅನ್ನುವ ಲೈಸೆನ್ಸ್ ಮಾರುವುದನ್ನೇ ನಿಲ್ಲಿಸಿತು. ಆಮೇಲೆ ಎಷ್ಟೋ ಜನ ಮತ್ತೆ ಈ ಕಡೆ ತಿರುಗಿ ನೋಡಿದರು. ದುಡ್ಡು ಕೊಟ್ಟು ಕೊಂಡದ್ದಕ್ಕೂ ಭದ್ರತೆ ಇಲ್ಲ ಅಂತಾಯ್ತು, ಅಲ್ವಾ?

ಇಷ್ಟೆಲ್ಲ ಹೊಗಳಿ, ನಿಮ್ಮ ಮೂರು ಸರ್ವರಿಗೆ ಓಪನ್‌ಸ್ಟ್ಯಾಕ್ ಬೇಡ ಅಂತಲೇ ಹೇಳುತ್ತೇನೆ. ಅದು ನೂರಾರು ಸರ್ವರ್ ಇರುವವರಿಗೆ ಹೊಲಿದ ಅಂಗಿ. ಅದನ್ನು ನಡೆಸುವ ಭಾಗಗಳೇ ಒಂದು ಸರ್ವರಿನ ಮೆಮೊರಿ ತಿಂದು ಕೂರುತ್ತವೆ. ಅಪ್‌ಗ್ರೇಡ್ ಮಾಡಲು ಗೊತ್ತಿರುವ ಒಬ್ಬರು ಯಾವಾಗಲೂ ಇರಬೇಕು. ಫೈನಲ್ ಇಯರ್ ಹುಡುಗರು ಕಟ್ಟಿ ಪಾಸಾಗಿ ಹೋದರೆ ಆಮೇಲೆ ಪಾಸ್‌ವರ್ಡ್ ಕೂಡ ಯಾರಿಗೂ ಗೊತ್ತಿರುವುದಿಲ್ಲ. ಲ್ಯಾಬಿನ ದಿನದ ಕೆಲಸಕ್ಕೆ, ಕೆಲವೇ ಸರ್ವರ್‌ಗಳಲ್ಲಿ ವರ್ಚುವಲ್ ಮೆಷಿನ್ ನಡೆಸಲು ಸಾಕಾಗುವ ಪ್ರಾಕ್ಸ್‌ಮಾಕ್ಸ್ ಹಾಕಿ. ಅದೂ ಓಪನ್ ಸೋರ್ಸ್, ವಿಯೆನ್ನಾದ ಕಂಪನಿಯದ್ದು. ಲಾಗಿನ್ ಆದಾಗಲೆಲ್ಲ ಸಬ್‌ಸ್ಕ್ರಿಪ್ಷನ್ ಇಲ್ಲ ಅಂತ ಒಂದು ಸೂಚನೆ ಬರುತ್ತದೆ, ಗಾಬರಿ ಬೇಡ, ಅದರಿಂದ ಏನೂ ನಿಲ್ಲುವುದಿಲ್ಲ. ಒಳಗೆ ಮೆಷಿನ್ ಎಬ್ಬಿಸುವುದು ಕೆವಿಎಂ, 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವಂಥದ್ದು. ಹೆಚ್ಚಿನ ಓಪನ್‌ಸ್ಟ್ಯಾಕ್ ಕ್ಲೌಡ್‌ಗಳ ಅಡಿಯಲ್ಲೂ ಅದೇ ಇದೆ. ಹಾಗಾಗಿ ಕಲಿತದ್ದು ದಂಡವಾಗುವುದಿಲ್ಲ. ಯುಪಿಎಸ್ ಬ್ಯಾಟರಿಯನ್ನು ಮಳೆ ಹಿಡಿಯುವ ಮೊದಲೇ ನೋಡಿಸಿ. ಜುಲೈನಲ್ಲಿ ಕರೆಂಟ್ ಹೋಗಿ ಬರುವ ಆಟಕ್ಕೆ ಮೊದಲು ಬಲಿಯಾಗುವುದು ಹಳೇ ಡಿಸ್ಕುಗಳೇ.

ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿಲ್ಲ. ಪ್ರಾಕ್ಸ್‌ಮಾಕ್ಸ್ ಒಳಗೇ ಒಂದು ದೊಡ್ಡ ವರ್ಚುವಲ್ ಮೆಷಿನ್ ಮಾಡಿ ಡೆವ್‌ಸ್ಟ್ಯಾಕ್ ಹಾಕಿಕೊಡಿ. ಅದು ಕಲಿಯುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ ಅಂತಲೇ ಇರುವ ಓಪನ್‌ಸ್ಟ್ಯಾಕ್. ಕೆಟ್ಟರೆ ಅಳಿಸಿ ಮತ್ತೆ ಹಾಕಬಹುದು. ಹಾಕುವಾಗ ದಾಖಲೆಯಲ್ಲಿ ಎಲ್ಲೋ ಒಂದು ಕಡೆ ತಪ್ಪು ಸಿಕ್ಕೇ ಸಿಗುತ್ತದೆ. ಅದನ್ನು ತಿದ್ದಿ ಗೆರಿಟ್‌ಗೆ ಕಳಿಸಲಿ. ದೊಡ್ಡ ಕಂಪನಿಯ ಇಂಜಿನಿಯರ್ ಕಳಿಸಿದ ಕೋಡ್ ಹೋಗುವ ಸಾಲಿನಲ್ಲೇ ಅದೂ ಹೋಗುತ್ತದೆ. ಉತ್ತರ ಬರಲು ವಾರಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ. ಮೈನಸ್ ಒಂದು ಬಂದರೆ ಬೈದರು ಅಂತ ಮುಖ ಸಣ್ಣ ಮಾಡಿಕೊಳ್ಳುವುದು ಬೇಡ, ತಿದ್ದಬೇಕು ಅಂತ ಅಷ್ಟೇ ಅದರ ಅರ್ಥ. ಒಂದು ವಿಷಯ ಮಾತ್ರ ಮೊದಲೇ ಹೇಳಿಕೊಡಿ: ತಿದ್ದಿದ್ದನ್ನು ಹಳೇ ಬದಲಾವಣೆಯ ಮೇಲೇ ಮತ್ತೆ ಕಳಿಸಬೇಕು, ಹೊಸದೊಂದು ತೆರೆಯಬಾರದು. ಹೊಸಬರು ಎಡವುವುದು ಹೆಚ್ಚಾಗಿ ಅಲ್ಲೇ.