ಅಡುಗೆಕಟ್ಟೆಯ ಕಲ್ಲಿನಲ್ಲಿ ಒಂದು ಮಡಿಕೆ

ಅಡುಗೆಮನೆಗೆ ಗ್ರಾನೈಟ್ ಹುಡುಕುತ್ತಾ ಮಂಗಳೂರಿನ ಒಂದು ಕಲ್ಲಿನ ಅಂಗಡಿಗೆ ಹೋಗಿದ್ದೆ. ಸಾಲಾಗಿ ನಿಲ್ಲಿಸಿದ್ದ ಚಪ್ಪಡಿಗಳಲ್ಲಿ ಒಂದರ ಮೇಲೆ ಬಿಳಿ, ಕಪ್ಪು ಗೆರೆಗಳು ಅಲೆಯಲೆಯಾಗಿ ಹರಿದಿದ್ದವು. ಒಂದು ಕಡೆಯಂತೂ ಗೆರೆಗಳೆಲ್ಲ ಒಟ್ಟಿಗೆ ಬಾಗಿ ಹಿಂದಕ್ಕೆ ತಿರುಗಿದ್ದವು, ಮಡಚಿಟ್ಟ ಸೀರೆಯ ಹಾಗೆ. "ಇದನ್ನೇ ತಗೊಳ್ಳಿ ಮಾರಾಯ್ರೆ, ಡಿಸೈನ್ ಲಾಯ್ಕ ಉಂಟು" ಎಂದರು ಅಂಗಡಿಯವರು.

ಅಂಗಡಿಯ ಲೆಕ್ಕದಲ್ಲಿ ಅದು ಗ್ರಾನೈಟ್. ಭೂವಿಜ್ಞಾನಿಗಳು ನೈಸ್ ಎನ್ನುತ್ತಾರೆ. ಬಿಳಿ ಗೆರೆಯಲ್ಲಿ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಎಂಬ ಖನಿಜಗಳು ಜಾಸ್ತಿ; ಕಪ್ಪಿನಲ್ಲಿ ಅಭ್ರಕದಂಥವು. ನಮ್ಮ ಕರಾವಳಿಯ ಅಡಿಯಲ್ಲೂ ಇಂಥ ಕಲ್ಲು ಬೇಕಾದಷ್ಟಿದೆ. ಕಾಣುವುದು ಕಡಿಮೆ, ಯಾಕೆಂದರೆ ಮೇಲೆ ಮುರಕಲ್ಲಿನ ಹೊದಿಕೆ. ಮಳೆ, ಸೆಕೆಗೆ ಕಲ್ಲು ಕೊಳೆತು ಮುರಕಲ್ಲಾಗುವಾಗ ಹಳೆಯ ಗೆರೆಗಳೂ ಅಳಿಸಿಹೋಗುತ್ತವೆ.

ಮಡಿಕೆ ಕಂಡವರು ಸಾಮಾನ್ಯವಾಗಿ ಹೇಳುವುದು, "ಕರಗಿ ಹರಿದಿರಬೇಕು" ಎಂದು. ಪೂರ್ತಿ ಕರಗಿದ್ದರೆ ಗೆರೆಗಳು ಕಲಸಿಹೋಗುತ್ತಿದ್ದವು, ಅಲ್ವಾ? ಇದು ಗಟ್ಟಿಯಾಗಿದ್ದುಕೊಂಡೇ ಬಾಗಿದ ಕಲ್ಲು. ಬೆಲ್ಲದ ಅಚ್ಚನ್ನು ನೆನಪಿಸಿಕೊಳ್ಳಿ. ಕುಟ್ಟಿದರೆ ಪುಡಿ. ಅದೇ ಅಚ್ಚು ಮಳೆಗಾಲದಲ್ಲಿ ಡಬ್ಬಿಯೊಳಗೆ ವಾರಗಟ್ಟಲೆ ಕೂತರೆ ಮೆಲ್ಲಗೆ ಕುಸಿದು ಡಬ್ಬಿಯ ಆಕಾರಕ್ಕೆ ಬರುತ್ತದೆ. ಬೆಲ್ಲಕ್ಕೆ ತೇವ ಸಹಾಯ ಮಾಡುತ್ತದೆ, ಕಲ್ಲಿಗೆ ಮುಖ್ಯವಾಗಿ ಬಿಸಿ. ನೆಲದಡಿ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದರೆ ಕ್ವಾರ್ಟ್ಸ್ ಬಗ್ಗತೊಡಗುತ್ತದೆ. ಫೆಲ್ಡ್‌ಸ್ಪಾರ್ ಸ್ವಲ್ಪ ಹಟಮಾರಿ, ಅದಕ್ಕೆ ಇನ್ನೂ ನೂರೈವತ್ತು ಡಿಗ್ರಿಯಷ್ಟು ಬೇಕು. ಹಾಗಾಗಿ 10ರಿಂದ 15 ಕಿಲೋಮೀಟರ್ ಆಳದವರೆಗೆ ಕಲ್ಲು ಒಡೆಯುವುದೇ ಹೆಚ್ಚು, ಅದರ ಕೆಳಗೆ ಹರಿಯುವುದೇ ಹೆಚ್ಚು.

ಗಟ್ಟಿ ವಸ್ತು ಹರಿಯುವುದು ಹೇಗೆ? ಸಭಾಂಗಣದ ದೊಡ್ಡ ಜಮಖಾನವನ್ನು ಒಬ್ಬರೇ ಎಳೆದರೆ ಅಲುಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ, ಆ ಸುಕ್ಕನ್ನೇ ಇನ್ನೊಂದು ತುದಿಯವರೆಗೆ ತಳ್ಳಿದರೆ ಜಮಖಾನ ಒಂದು ಗೇಣು ಮುಂದೆ ಬಂದಿರುತ್ತದೆ. ಈ ಖನಿಜಗಳ ಹರಳಿನೊಳಗೂ ಅಣುಗಳ ಸಾಲುಗಳಲ್ಲಿ ಇಂಥ ಸುಕ್ಕುಗಳಿವೆ. ಒತ್ತಡ ಬಿದ್ದಾಗ ಅವು ಒಂದೊಂದಾಗಿ ಸಾಗುತ್ತವೆ. ಬಿಸಿಯಿದ್ದರೆ ಸಲೀಸು. ಲಕ್ಷಾಂತರ ವರ್ಷ ಇದೇ ನಡೆದರೆ ಬಂಡೆ ಸೀರೆಯಂತೆ ಮಡಚಿಕೊಳ್ಳುತ್ತದೆ.

ಸುತ್ತಲಿನ ಒತ್ತಡವೂ ಬೇಕು. ಮುಂದೆ ವಿಮಾನಶಾಸ್ತ್ರದಲ್ಲಿ ಹೆಸರಾದ ಥಿಯೊಡೋರ್ ಫಾನ್ ಕಾರ್ಮನ್, 1911ರಲ್ಲಿ ಅಮೃತಶಿಲೆಯ ತುಂಡನ್ನು ಎಲ್ಲ ಕಡೆಯಿಂದ ದ್ರವದ ಒತ್ತಡದಲ್ಲಿ ಹಿಡಿದಿಟ್ಟು ಮೇಲಿಂದ ಅದುಮಿದರು. ಬಿಸಿ ಮಾಡದೆಯೂ ಅದು ಪುಡಿಯಾಗಲಿಲ್ಲ, ಪೀಪಾಯಿಯಂತೆ ಉಬ್ಬಿತು. ಬಿರುಕು ಬಾಯಿ ಬಿಡಲು ಜಾಗವೇ ಇರಲಿಲ್ಲ, ಅಷ್ಟೇ.

ಆ ಹಿಡಿತ ಇಲ್ಲದಿದ್ದರೆ ಏನಾಗುತ್ತದೆಂದು ನೋಡಲು ಮಲ್ಪೆಯಿಂದ ದೋಣಿ ಹತ್ತಬೇಕು. ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. (ಬಸಾಲ್ಟ್ ಎನ್ನುವುದು ರೂಢಿ, ನಿಜಕ್ಕೂ ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯವು.) ಲಾವಾ ತಣಿಯುವಾಗ ಕುಗ್ಗಿತು. ಕುಗ್ಗಿದಾಗ ಎಳೆತ. ಎಳೆತ ತಾಳದೆ ಬಿರಿಯಿತು. ಕೊಯ್ಲು ಮುಗಿದ ಗದ್ದೆ ಬೇಸಗೆಯಲ್ಲಿ ಬಿರಿದ ಹಾಗೆ ಐದು, ಆರು ಮೂಲೆಯ ತುಂಡುಗಳು. ಇಲ್ಲಿ ಬಿರುಕು ಆಳಕ್ಕೆ ಇಳಿದು ಕಂಬಗಳಾದವು.

ಅದುಮಿದರೆ ತಡೆಯುವ ಕಲ್ಲು ಎಳೆದರೆ ಬೇಗ ಸೋಲುತ್ತದೆ. ಗ್ರಾನೈಟಿಗೆ ಎಳೆತ ತಾಳುವ ಶಕ್ತಿ ಅದುಮಿಕೆ ತಾಳುವುದರ ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಉದ್ದದ ಕಲ್ಲಿನ ತೊಲೆ ತನ್ನ ಭಾರಕ್ಕೇ ಬಾಗುತ್ತದೆ, ಅಡಿಯ ಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದವರು ಅಷ್ಟೊಂದು ಕಂಬ ನಿಲ್ಲಿಸಿದ್ದು ಸುಮ್ನೆ ಚಂದಕ್ಕೆ ಮಾತ್ರ ಇರಲಿಕ್ಕಿಲ್ಲ.

ನಾನು ಆ ಮಡಿಕೆಯ ಚಪ್ಪಡಿಯನ್ನೇ ಕೊಂಡೆ. ಸಿಂಕಿಗೆ ಚೌಕ ಕತ್ತರಿಸಿಕೊಂಡು ಬಂತು. ಚಪ್ಪಡಿಯನ್ನು ನಿಲ್ಲಿಸಿಯೇ ಹೊರಬೇಕು. ಪಿಕಪ್‌ನಿಂದ ಇಳಿಸುವ ಗಡಿಬಿಡಿಯಲ್ಲಿ ಇಬ್ಬರು ಅದನ್ನು ಮಲಗಿಸಿ ಎತ್ತಿದರು. ಸಿಂಕಿನ ಮೂಲೆಯಿಂದ ಟಕ್ ಎಂದಿತು. ಬಿರುಕು ಮಡಿಕೆಯ ಗೆರೆಗಳನ್ನು ಲೆಕ್ಕಿಸದೆ ಅಡ್ಡಕ್ಕೆ ಸೀಳಿಕೊಂಡು ಹೋಗಿತ್ತು. ಅಂಟು ಹಾಕಿ ಕೂರಿಸಿದ್ದಾರೆ. ಪಾತ್ರೆ ತೊಳೆಯುವಾಗ ಎರಡೂ ಕಾಣುತ್ತವೆ.