ವೀಡ್ ಕಟರ್‌ನ ಡಯಾಫ್ರಂ ಕಾರ್ಬೋರೇಟರ್: ಬಿಚ್ಚಿ ತೊಳೆದು ಟ್ಯೂನ್ ಮಾಡುವ ಬಗೆ

ಅಡಿಕೆ ತೋಟದ ಟೂ ಸ್ಟ್ರೋಕ್ ವೀಡ್ ಕಟರ್ ಮತ್ತು ಚೈನ್‌ಸಾಗಳನ್ನು ಓರೆಯಾಗಿಯೋ ತಲೆಕೆಳಗಾಗಿಯೋ ಹಿಡಿದು ಕೆಲಸ ಮಾಡಬೇಕಾಗುತ್ತದೆ. ಹಳೆಯ ಬೈಕುಗಳಲ್ಲಿದ್ದ ಫ್ಲೋಟ್ ಬಟ್ಟಲು ಇಲ್ಲಿ ನಡೆಯುವುದಿಲ್ಲ, ಪೆಟ್ರೋಲನ್ನು ಬೇಕಾದಷ್ಟೇ ಒಳಗೆ ಬಿಡುವ ಅದರ ಕೆಲಸವನ್ನು ಡಯಾಫ್ರಂ ಎಂಬ ತೆಳ್ಳನೆಯ ಪೊರೆ ಮಾಡುತ್ತದೆ. ಈ ಟಿಪ್ಪಣಿಗೆ ವಾಲ್‌ಬ್ರೋ ಡಬ್ಲ್ಯುಟಿ ಮಾದರಿಯನ್ನು ಇಟ್ಟುಕೊಂಡಿದ್ದೇವೆ. ಬೇರೆ ಕಂಪನಿಯದಾದರೂ ತತ್ವ ಒಂದೇ.

ಯಂತ್ರ ಸ್ಟಾರ್ಟ್ ಆಗದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಟ್ಯೂನಿಂಗ್ ಸ್ಕ್ರೂಗಳಿಗೆ. ಅವನ್ನು ಮುಟ್ಟಬೇಕಾದದ್ದು ಕಟ್ಟಕಡೆಗೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಆಯಿಲ್ ತಲುಪುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಆದರೆ ಬಿಸಿ ಏರುತ್ತದೆ, ಆಯಿಲೂ ಕಡಿಮೆಯಾಗುತ್ತದೆ. ಕೊನೆಗೆ ಸೈಲೆನ್ಸರ್ ಬದಿಯಲ್ಲಿ ಪಿಸ್ಟನ್ ಗೀರಿಕೊಂಡು ಜಾಮ್ ಆಗುತ್ತದೆ.

ಒಳಗೆ ನಡೆಯುವುದು

ಡಯಾಫ್ರಂಗಳು ಎರಡು. ಒಂದೇ ಸ್ಕ್ರೂ ಇರುವ ಮುಚ್ಚಳದ ಕೆಳಗಿನದು ಪಂಪ್ ಡಯಾಫ್ರಂ. ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿಳಿಯುತ್ತದೆ. ಆ ಮಿಡಿತ ಸಣ್ಣ ರಂಧ್ರದ ಮೂಲಕ ಬಂದು ಡಯಾಫ್ರಂ ಅಲ್ಲಾಡಿಸಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಎದುರು ಬದಿಯಲ್ಲಿ, ನಾಲ್ಕು ಸ್ಕ್ರೂಗಳ ಮುಚ್ಚಳದ ಕೆಳಗೆ ಮೀಟರಿಂಗ್ ಡಯಾಫ್ರಂ. ಇದರ ಹೊರಮೈಗೆ ಮುಚ್ಚಳದ ತೂತಿನಿಂದ ಹೊರಗಿನ ಗಾಳಿ ತಾಗುತ್ತದೆ. ಎಂಜಿನ್ ಎಳೆದಾಗ ಅದು ಒಳಕ್ಕೆ ಬಾಗಿ ಲಿವರ್ ಒತ್ತುತ್ತದೆ, ಪೆಟ್ರೋಲಿನ ದಾರಿ ಮುಚ್ಚಿರುವ ನೀಡಲ್ ಎದ್ದು ಪೆಟ್ರೋಲ್ ಒಳಗೆ ಬರುತ್ತದೆ.

ಹಳೆಯದಾಗಿ ಬಿರುಸಾದ ಡಯಾಫ್ರಂ ಬಾಗದೆ ಲೀನ್ ಆಗುತ್ತದೆ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ನಿಲ್ಲುವ ಯಂತ್ರದಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಲಿವರ್ ಎತ್ತರವಾಗಿದ್ದರೆ ಅಥವಾ ನೀಡಲ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ.

ಬಿಚ್ಚುವ ಮೊದಲು

ಏರ್ ಫಿಲ್ಟರ್, ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್, ಪ್ಲಗ್ಗಿನ ಕಿಡಿ ನೋಡಿ. ಹತ್ತು ಹದಿನೈದು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ತೆರೆದರೆ ಮತ್ತೆ ಓಡುವುದಾದರೆ ಗಾಳಿರಂಧ್ರ ಕಟ್ಟಿದೆ. ರೇಸ್ ಏರುತ್ತಲೇ ಇಲ್ಲವೆಂದರೆ ಸೈಲೆನ್ಸರ್ ಬಿಚ್ಚಿ ಕಿಟ್ಟ ನೋಡಿ. ಕಾರ್ಬೋರೇಟರ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಯೇ ಮುಗಿಯುತ್ತವೆ.

ಬಿಚ್ಚಿ ತೊಳೆಯುವುದು

ಪೆಟ್ರೋಲಿನ ಪ್ರಮಾಣ ಹೊಂದಿಸುವ ಎಲ್ (ಕಡಿಮೆ ವೇಗದ್ದು) ಮತ್ತು ಎಚ್ (ಹೆಚ್ಚು ವೇಗದ್ದು) ಸ್ಕ್ರೂಗಳನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತೆಂದು ಬರೆದಿಟ್ಟುಕೊಂಡು ಆಮೇಲೆ ತೆಗೆಯಿರಿ. ತಳದಲ್ಲಿ ಬಿಗಿ ಮಾಡಿದರೆ ಮೊನೆಗೆ ಗಾಯವಾಗಿ ಮುಂದೆ ಟ್ಯೂನಿಂಗ್ ಕೂರುವುದೇ ಇಲ್ಲ. ಪ್ರತಿ ಪದರ ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪಂಪ್ ಬದಿಯಲ್ಲಿ ಬಾಡಿಗೆ ತಾಗುವುದು ಡಯಾಫ್ರಂ, ಅದರ ಮೇಲೆ ಗ್ಯಾಸ್ಕೆಟ್. ಮೀಟರಿಂಗ್ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಂ. ಹೊಸದಾಗಿ ಕಲಿಯುವವರು ಹೆಚ್ಚಾಗಿ ಎಡವುವುದು ಈ ಅದಲುಬದಲಿನಲ್ಲಿ.

ಪಂಪ್ ಬದಿಯಲ್ಲಿ ಬಟನ್ನಿನಷ್ಟು ಚಿಕ್ಕ ಜಾಲರಿ ಇದೆ. ಹಳೆಯ ಪೆಟ್ರೋಲ್ ಆರಿ ಉಳಿದ ಅಂಟು, ಟ್ಯಾಂಕಿನ ಕೊಳೆ ಎಲ್ಲ ಬಂದು ನಿಲ್ಲುವುದು ಅಲ್ಲಿ. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ತೊಳೆಯಿರಿ. ಮೀಟರಿಂಗ್ ಬದಿಯಲ್ಲಿ ಪಿನ್ನಿನ ಸ್ಕ್ರೂ ಬಿಚ್ಚುವಾಗ ಲಿವರ್ ಮೇಲೆ ಬೆರಳಿಡಿ, ಕೆಳಗಿನ ಸ್ಪ್ರಿಂಗ್ ಹಾರಿದರೆ ಮತ್ತೆ ಸಿಗುವುದು ಕಷ್ಟ. ಆ ಸ್ಪ್ರಿಂಗನ್ನು ಎಳೆಯಲೂ ಬಾರದು, ಕತ್ತರಿಸಲೂ ಬಾರದು.

ರಬ್ಬರಿನ ಭಾಗಗಳೆಲ್ಲ ಹೊರಬಂದ ಮೇಲೆಯೇ ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ. ಕನ್ನಡಕ ಹಾಕಿಕೊಳ್ಳಿ, ಒಂದು ತೂತಿಗೆ ಬಿಟ್ಟದ್ದು ಇನ್ನೊಂದರಿಂದ ನೇರ ಕಣ್ಣಿಗೆ ಚಿಮ್ಮುತ್ತದೆ. ಎಲ್ ಸ್ಕ್ರೂವಿನ ತೂತಿಗೆ ಬಿಟ್ಟರೆ ಥ್ರಾಟಲ್ ತಟ್ಟೆಯ ಬಳಿಯ ಸೂಕ್ಷ್ಮ ರಂಧ್ರಗಳಿಂದ ಹೊರಬರಬೇಕು. ಬರದಿದ್ದರೆ ನೆನೆಯಲು ಬಿಡಿ. ತಂತಿ ಹಾಕಿ ಕೆರೆಯಬೇಡಿ, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟಂತೆಯೇ. ಮೇನ್ ನಾಝಲ್ಲಿನಲ್ಲಿ ಚಿಕ್ಕ ಚೆಕ್ ವಾಲ್ವ್ ಇರುವುದರಿಂದ ಕಂಪ್ರೆಸರಿನ ಪೂರ್ತಿ ಗಾಳಿಯನ್ನು ಅಲ್ಲಿಗೆ ಹೊಡೆಯಬಾರದು.

ಜೋಡಿಸುವಾಗ ಹಳೆಯ ಡಯಾಫ್ರಂ ಮರಳಿ ಹಾಕುವುದಕ್ಕಿಂತ ರಿಪೇರಿ ಕಿಟ್ ತರುವುದೇ ಲೇಸು. ಡಬ್ಲ್ಯುಟಿಯಲ್ಲಿ ಲಿವರಿನ ತುದಿ ಬಾಡಿಯ ಮೇಲ್ಮೈಗಿಂತ ಸುಮಾರು 1.65 ಮಿ.ಮೀ. ಕೆಳಗಿರಬೇಕು. ಬೇರೆ ಮಾದರಿಗಳ ಅಳತೆ ಬೇರೆ. ಎಂಜಿನ್ನಿಗೆ ಕೂರಿಸುವಾಗ ಗ್ಯಾಸ್ಕೆಟಿನ ಮಿಡಿತದ ತೂತು ಎಂಜಿನ್ನಿನ ತೂತಿಗೆ ಎದುರಾಗಬೇಕು. ತಿರುವುಮುರುವಾದರೆ ಪಂಪ್ ಸತ್ತಂತೆ, ಎಷ್ಟು ಹಗ್ಗ ಎಳೆದರೂ ಪೆಟ್ರೋಲ್ ಬಾರದು. ಪ್ರೈಮರ್ ಬಲ್ಬ್ ಒತ್ತಿದಾಗ ಟ್ಯಾಂಕಿನಲ್ಲಿ ಗುಳ್ಳೆ ಮಾತ್ರ ಏಳುತ್ತಿದ್ದರೆ ಎರಡು ಪೈಪುಗಳು ಅದಲುಬದಲಾಗಿವೆ.

ಟ್ಯೂನಿಂಗ್

ಮೊದಲು ಹೊಸ ಪೆಟ್ರೋಲ್. ಕೈಪಿಡಿ 50:1 ಎಂದರೆ ಲೀಟರಿಗೆ 20 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್, 25:1 ಎಂದರೆ 40 ಮಿ.ಲೀ. 'ಇರಲಿ' ಎಂದು ಹೆಚ್ಚು ಆಯಿಲ್ ಸುರಿದರೆ ಅಷ್ಟು ಪೆಟ್ರೋಲ್ ಜಾಗ ಬಿಡುತ್ತದೆ, ಮಿಶ್ರಣ ಲೀನ್ ಕಡೆಗೇ ವಾಲುತ್ತದೆ.

ಎಲ್, ಎಚ್ ಎರಡನ್ನೂ ತಳ ಮುಟ್ಟಿಸಿ ಒಂದೊಂದು ಸುತ್ತು ಹೊರಕ್ಕೆ ತೆಗೆದರೆ ಸ್ಟಾರ್ಟ್ ಆಗುವಷ್ಟು ಹತ್ತಿರ ಬರುತ್ತೀರಿ. ಏರ್ ಫಿಲ್ಟರ್ ಹಾಕಿಯೇ, ಬ್ಲೇಡ್ ಅಥವಾ ಪೂರ್ತಿ ಉದ್ದದ ನೈಲಾನ್ ದಾರ ಇದ್ದೇ ಟ್ಯೂನ್ ಮಾಡಬೇಕು. ಎಂಜಿನ್ ಐದು ನಿಮಿಷ ಬಿಸಿಯಾಗಲಿ.

ಐಡಲಿನಲ್ಲಿ ಎಲ್ ಅನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ ಅತಿ ವೇಗದ ಜಾಗ ಹುಡುಕಿ, ಅಲ್ಲಿಂದ ಕಾಲು ಸುತ್ತಿನೊಳಗೆ ಹೊರಕ್ಕೆ ಬಿಡಿ. ಥಟ್ಟನೆ ರೇಸ್ ಕೊಟ್ಟಾಗ ಉಸಿರು ಕಟ್ಟಿದಂತೆ ತಡೆದರೆ ಎಲ್ ಇನ್ನೂ ಲೀನ್. ಹೊಗೆಯೊಂದಿಗೆ ಮಂದವಾಗಿ ಏರಿದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಆಮೇಲೆ ಐಡಲ್ ಸ್ಕ್ರೂವಿನಿಂದ ಬ್ಲೇಡ್ ತಿರುಗದಷ್ಟು ವೇಗ ಇಳಿಸಿ.

ಎಚ್ ಸ್ಕ್ರೂವಿಗೆ ಕಿವಿ ಬೇಕು. ಪೂರ್ತಿ ರೇಸಿನಲ್ಲಿ ಕೆಲವೇ ಸೆಕೆಂಡು ಹಿಡಿದು, ಬಿಟ್ಟು ಬಿಟ್ಟು ಕೇಳಿ. ಎಚ್ ಹೊರಕ್ಕೆ ತಿರುಗಿಸಿದಂತೆ ಒಂದೇ ಎಳೆಯ ಕಿರುಚು ಒಡೆದು ಗುಡುಗುಡು ಆಗುತ್ತದೆ. ಪೆಟ್ರೋಲ್ ಹೆಚ್ಚಾಗಿ ಎಲ್ಲ ಸುತ್ತಿನಲ್ಲೂ ಕಿಡಿ ಹತ್ತದೆ, ಫೋರ್ ಸ್ಟ್ರೋಕಿನಂತೆ ಸುತ್ತು ಬಿಟ್ಟು ಸುತ್ತು ಉರಿಯುವ ಸದ್ದು ಅದು. ಹೊರೆಯಿಲ್ಲದಾಗ ಅದು ತುಸು ಇರಲಿ, ಹುಲ್ಲಿಗೆ ಬ್ಲೇಡ್ ತಾಗಿದ ಕೂಡಲೇ ಹೋಗಬೇಕು. ಕಿರುಚುವ ಸದ್ದು ಶಕ್ತಿಯಂತೆ ಕೇಳುತ್ತದೆ, ಯಂತ್ರ ಸಾಯುವುದು ಆ ಸದ್ದಿನಲ್ಲೇ. ಹೊಸ ಯಂತ್ರಗಳಲ್ಲಿ ಕಿಡಿ ಕೊಡುವ ಕಾಯಿಲ್ಲೇ ವೇಗ ಮಿತಿಗೊಳಿಸುವುದುಂಟು, ಆಗಲೂ ಹೀಗೇ ತಡವರಿಸುತ್ತದೆ. ಎಚ್ ತೆರೆದಂತೆ ವೇಗ ಇಳಿದರೆ ರಿಚ್, ಇಳಿಯದಿದ್ದರೆ ಕಾಯಿಲ್.

1,000 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು 10% ಕುಸಿಯುತ್ತದೆ. ಪುತ್ತೂರಿನಲ್ಲಿ ಟ್ಯೂನ್ ಆದ ಯಂತ್ರ ಮಡಿಕೇರಿಯಲ್ಲಿ ಸ್ವಲ್ಪ ಹೊಗೆಯಾಡೀತು, ಅಷ್ಟೇ. ಮಡಿಕೇರಿಯಲ್ಲಿ ಟ್ಯೂನ್ ಮಾಡಿ ಘಾಟಿ ಇಳಿಸಿದ್ದು ಲೀನ್ ಆಗುತ್ತದೆ, ಎಚ್ ತೆರೆಯಲೇಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿನದೂ ಇದೇ ದಿಕ್ಕು. ಎಥನಾಲ್ ಇಲ್ಲದ ಪೆಟ್ರೋಲ್ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಹಳೆಯ ಪೆಟ್ರೋಲಿಗೆ ಕೂರಿಸಿದ ಸ್ಕ್ರೂ ಇ20ಯಲ್ಲಿ ಲೀನ್ ಆಗುವುದು ಇದರಿಂದ. ಎಥನಾಲ್ ತೇವವನ್ನೂ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಬಳಸದಿದ್ದರೆ ಟ್ಯಾಂಕ್ ಖಾಲಿ ಮಾಡಿ ನಿಲ್ಲುವವರೆಗೆ ಓಡಿಸಿಡಿ.

ರೇಸ್ ಬಿಟ್ಟ ಮೇಲೂ ವೇಗ ಇಳಿಯದೆ ತೂಗಾಡುತ್ತಿದ್ದರೆ ಟ್ಯೂನಿಂಗ್ ಅಲ್ಲಿಗೇ ನಿಲ್ಲಿಸಿ. ಇನ್‌ಟೇಕ್ ರಬ್ಬರಿನಿಂದಲೋ ಕ್ರ್ಯಾಂಕ್ ಸೀಲಿನಿಂದಲೋ ಗಾಳಿ ನುಗ್ಗುತ್ತಿದೆ. ಎಚ್ ತೆರೆದು ಅದನ್ನು ಮುಚ್ಚಿಹಾಕಿದರೆ ಸೀಲ್ ಇನ್ನಷ್ಟು ಸವೆದ ದಿನ ಪಿಸ್ಟನ್ ಹೋಗುತ್ತದೆ. ಸೀಲ್ ಬದಲಿಸಿ, ಮತ್ತೆ ಒಂದು ಸುತ್ತಿನಿಂದ ಶುರು ಮಾಡಿ.